ಸಾಸ್ವಿ ಕುಂತ ದಿನ

ನಮ್ಮೂರಿನಲ್ಲಿ ಮಣೆಯನ್ನು ಯಾರೂ ಎತ್ತಿ ತಂದು ಹಾಕುವುದಿಲ್ಲ. ಕರೆಯುತ್ತಾರೆ. "ಬಾ" ಎಂದರೆ ಗೋಡೆಗೆ ಒರಗಿದ್ದ ಮಣೆ ಟಕಟಕ ಎಂದು ಬರುತ್ತದೆ, "ಕುಂಡ್ರು" ಎಂದರೆ ನೆಲಕ್ಕೆ ಕೂರುತ್ತದೆ, ಉಂಡೆದ್ದ ಮೇಲೆ "ಹೋಗು" ಎಂದರೆ ಹೋಗಿ ಮೊದಲಿನ ಜಾಗದಲ್ಲಿ ಒರಗಿಕೊಳ್ಳುತ್ತದೆ. ಕೊಡ, ಮಂಚ, ಕಪಾಟು, ಕದದ ಚಿಲಕ, ಬಟ್ಟೆ ಒಣಹಾಕುವ ಹಗ್ಗ, ಎಲ್ಲವೂ ಹಾಗೆಯೇ. ಕಿವಿಗೆ ಬಿದ್ದ ಮಾತನ್ನು ಯಾವುದೂ ಮೀರುವುದಿಲ್ಲ, ಹೇಳಿದವರು ಯಾರು ಎಂದೂ ವಿಚಾರಿಸುವುದಿಲ್ಲ. ಅದಕ್ಕೇ ನಮ್ಮವರೆಲ್ಲ ಮೆಲ್ಲಗೆ ಮಾತಾಡುತ್ತಾರೆ. ಜೋರಾಗಿ "ಬಾ" ಎಂದವರ ಅಂಗಳಕ್ಕೆ ಪಕ್ಕದ ಮನೆಯ ಸಂಸಾರವೆಲ್ಲ ಬಂದು ನಿಲ್ಲುತ್ತದೆ. ಮನುಷ್ಯರನ್ನು ಕರೆಯುವುದಿದ್ದರೆ ಚಪ್ಪಾಳೆ ತಟ್ಟುತ್ತೇವೆ. ಗಂಡನಿಗೆ ಒಂದು, ಮಕ್ಕಳಿಗೆ ಎರಡು, ಬೀಗರಿಗೆ ನಿಧಾನವಾಗಿ ಮೂರು.

ಮಾತು ಕೇಳದ ಸಾಮಾನಿಗೆ ಊರಲ್ಲಿ ಜಾಗವಿಲ್ಲ. ಅಂಥದನ್ನು ಹಳ್ಳ ದಾಟಿಸಿ ಆಚೆ ದಂಡೆಯಲ್ಲಿ ಬಿಟ್ಟು ಬರುತ್ತಾರೆ. ಅಲ್ಲೊಂದು ಕಿವುಡು ಕಪಾಟಿದೆ, ತನಗೆ ಬೇಕಾದಾಗ ಬಿಚ್ಚಿಕೊಳ್ಳುವ ಕೊಡೆಯಿದೆ, ಎಷ್ಟು ಹೇಳಿದರೂ ತೂಗುವುದನ್ನು ನಿಲ್ಲಿಸದ ತೊಟ್ಟಿಲಿದೆ. ಗಾಳಿ ಇತ್ತ ಬೀಸಿದ ದಿನ ಆ ತೊಟ್ಟಿಲಿನ ಕಿರುಗುಟ್ಟುವಿಕೆ ನನ್ನ ಅಂಗಳಕ್ಕೂ ಕೇಳುತ್ತದೆ. ನನ್ನ ಹೆಸರು ಬಾಳವ್ವ. ರೊಟ್ಟಿ ಬಡಿದು ಮಾರುವುದು ನನ್ನ ಕೆಲಸ. ಮನೆ ಹಳ್ಳದ ಕಡೆಗೆ, ಊರಿನ ಕೊನೆಯದು.

ಸಾಸ್ವಿ ನಮ್ಮೂರಿಗೆ ಬಂದದ್ದು ಉಳ್ಳಾಗಡ್ಡಿ ಲಾರಿಯಲ್ಲಿ. ಡ್ರೈವರ್ ಚಹಾ ಕುಡಿಯಲು ನಿಲ್ಲಿಸಿದ್ದ. ಮೂಟೆಗಳ ನಡುವಿನಿಂದ ಒಂದು ಕರಿಯ ಮುಷ್ಟಿಯಷ್ಟು ಜೀವ ಕೆಳಕ್ಕೆ ಹಾರಿ, ಓಣಿಯ ಅಷ್ಟೂ ಮನೆ ದಾಟಿ, ನನ್ನ ಒಲೆಯ ಮುಂದೆ ಬಂದು, ಚಾಚಿದ್ದ ನನ್ನ ಪಾದದ ಮೇಲೆ ಸುತ್ತಿಕೊಂಡು ಮಲಗಿತು. ನಾಯಿ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕದ ತಾನೇ ಕಾವಲು ಕಾಯುವ ಊರಲ್ಲಿ ನಾಯಿಗೇನು ಕೆಲಸ? ನಮ್ಮಲ್ಲಿ ಯಾರೂ ಸಾಕಿದವರಿರಲಿಲ್ಲ. ಲಾರಿ ಹೊರಟುಹೋಯಿತು. ನಾಯಿ ಏಳಲಿಲ್ಲ, ನಾನೂ ಕಾಲು ಎಳೆದುಕೊಳ್ಳಲಿಲ್ಲ. ಈ ವಯಸ್ಸಿನವರೆಗೆ ನನ್ನ ಹತ್ತಿರ ಕರೆಯದೆ ಬಂದದ್ದು ಒಂದೂ ಇಲ್ಲ. ನನ್ನ ಗಂಡ ಬದುಕಿದ್ದಾಗ ಅವನಿಗೂ ಚಪ್ಪಾಳೆ ತಟ್ಟಬೇಕಾಗಿತ್ತು, ಅದೂ ಊಟದ ಹೊತ್ತಿಗೆ ಮಾತ್ರ ಕೇಳಿಸುತ್ತಿತ್ತು. ಇದು ತಾನಾಗಿ ಬಂದಿತ್ತು. ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದುದರಿಂದ ಸಾಸ್ವಿ ಎಂದು ಹೆಸರಿಟ್ಟೆ.

ಮರುದಿನವೇ ಸಾಸ್ವಿ ಪಕ್ಕದ ಮನೆಯ ಗುರುಪಾದಪ್ಪನ ಒಂದು ಚಪ್ಪಲಿ ತಿಂದಿತು. ಅವನ ಹೆಂಡತಿ ಕಾಶೀಬಾಯಿ ಉಳಿದ ಇನ್ನೊಂದನ್ನು ಹಿಡಿದುಕೊಂಡು ನನ್ನ ಅಂಗಳಕ್ಕೆ ಬಂದಳು.

"ಯಕ್ಕಾ, ನಿನ್ನ ಸಾಮಾನಕ್ಕ ಏನ ಆಗೇತಿ? ಹೋಗು ಅಂದ್ರ ಹೋಗವಲ್ದು, ಬಿಡು ಅಂದ್ರ ಬಿಡವಲ್ದು!"

"ಅದು ಸಾಮಾನ ಅಲ್ಲ ಕಾಶೀ. ನಾಯಿ."

"ಏನರೆ ಇರಲಿ. ಕಾಲ ನಾಕ ಅದಾವಲ್ಲ? ನಾಕ ಕಾಲಿಂದು ಎಲ್ಲಾ ಮಾತ ಕೇಳಬೇಕು."

ಅವಳು ಅಲ್ಲಿಗೇ ಬಿಡದೆ ಊರ ಹಿರಿಯ ಅಂದಾನೆಪ್ಪನ ಹತ್ತಿರ ಹೋದಳು. ಸಂಜೆಗೆ ಅಂದಾನೆಪ್ಪ ಬಂದ, ಅವನ ಹಿಂದೆ ಅವನ ಸಾಗವಾನಿ ಕುರ್ಚಿ ಬಂತು. ಬೆನ್ನಿಗೆ ನವಿಲು ಕೆತ್ತಿದ ದೊಡ್ಡ ಕುರ್ಚಿ ಅದು. ಅವನು ಎಲ್ಲಿ ನಿಂತರೂ ಕುಂಡಿಯ ಅಳತೆ ನೋಡಿಕೊಂಡು ಕೆಳಗೆ ಬಂದು ಸೇರುತ್ತಿತ್ತು. ಕುರ್ಚಿ ಇದೆಯೋ ಇಲ್ಲವೋ ಎಂದು ಅಂದಾನೆಪ್ಪ ಒಂದು ದಿನವೂ ಹಿಂತಿರುಗಿ ನೋಡಿದವನಲ್ಲ. ಅವನು ಮೂಗು ಸೋರಿಸಿಕೊಂಡು ಓಡಾಡುತ್ತಿದ್ದುದನ್ನು ಕಂಡವಳು ನಾನು, ಹಾಗಾಗಿ ನನಗೆ ಅವನ ಭಯ ಅಷ್ಟಕ್ಕಷ್ಟೆ.

"ಆಯಿ, ಇದು ಮಾತ ಕೇಳ್ತೈತೇನ?" ಎಂದ.

"ಕೇಳ್ತೈತಿ ತಮ್ಮಾ. ಕಿವಿ ಅದಾವಲ್ಲ."

"ಕಿವಿ ಬೋಗುಣಿಗೂ ಅದಾವ." ಅವನು ಸಾಸ್ವಿಯತ್ತ ಬೆರಳು ಮಾಡಿ, "ಕುಂಡ್ರು!" ಎಂದ.

ಅವನ ಕುರ್ಚಿ ಕಾಲು ಮಡಚಿ ಕೂತಿತು. ನನ್ನ ಮಣೆ, ಕೊಡ, ರೊಟ್ಟಿ ಬುಟ್ಟಿ ಕೂತವು. ಗೋಡೆಯಾಚೆ ಕಾಶೀಬಾಯಿಯ ಮಂಚ ಧಡ್ ಎಂದು ಕೂತದ್ದೂ, ಅದರ ಮೇಲೆ ಮಲಗಿದ್ದ ಗುರುಪಾದಪ್ಪ "ಯಪ್ಪಾ!" ಎಂದದ್ದೂ ಕೇಳಿಸಿತು. ಸಾಸ್ವಿ ಮಾತ್ರ ಎಲ್ಲವನ್ನೂ ಒಮ್ಮೆ ಮೂಸಿ ನೋಡಿ, ನವಿಲಿನ ಕುರ್ಚಿಗೆ ಕಾಲೆತ್ತಿತು. ಏಳು ಎಂದು ಯಾರೂ ಹೇಳಿರದ ಕಾರಣ ಕುರ್ಚಿ ಕೂತಲ್ಲೇ ಕೂತು ಅದನ್ನೂ ಸಹಿಸಿತು.

ಅಂದಾನೆಪ್ಪನ ಮುಖ ಕೆಂಪಾಯಿತು. "ಅಮಾವಾಸಿ ದಿನ ಚಾವಡಿಗೆ ಕರಕೊಂಡ ಬಾ ಆಯಿ. ಬಾ ಅಂದ್ರ ಬರಬೇಕು, ಕುಂಡ್ರು ಅಂದ್ರ ಕುಂಡ್ರಬೇಕು, ಇರು ಅಂದ್ರ ಇದ್ದಲ್ಲೇ ಇರಬೇಕು. ಇಲ್ಲಂದ್ರ ಹಳ್ಳದಾಚೆ."

ಅಂದು ಗಾಳಿ ಇತ್ತ ಬೀಸುತ್ತಿತ್ತು. ತೊಟ್ಟಿಲಿನ ಸದ್ದು ಕೇಳಿ ಸಾಸ್ವಿ ಕಿವಿ ನಿಮಿರಿಸಿ ಹಳ್ಳದ ಕಡೆ ನೋಡಿತು. ಕಪಾಟಾದರೆ ಮಳೆಯಲ್ಲಿ ನಿಂತೀತು. ಈ ಮುಷ್ಟಿಯಷ್ಟು ಜೀವ ಆ ದಂಡೆಯಲ್ಲಿ ಏನು ತಿಂದು ಬದುಕೀತು?

ಕಲಿಸುವುದೆಂದರೆ ಹೇಗೆ ಎಂದು ನಮ್ಮೂರಲ್ಲಿ ಯಾರಿಗೆ ಗೊತ್ತು? ನಾವು ಹೇಳಿದವರೇ ಹೊರತು ಕಲಿಸಿದವರಲ್ಲ. ಮೊದಲ ದಿನ ಮಣೆಗೆ ಹೇಳುವ ಹಾಗೆ ಒಂದು ಸಲ "ಕುಂಡ್ರು" ಎಂದು ಹೇಳಿ ಕಾದೆ. ಸಾಸ್ವಿ ಕೆರೆದುಕೊಂಡಿತು. ಬಿಸಿಲು ಅಂಗಳ ದಾಟಿ ಗೋಡೆ ಏರಿತು. ಸಾಸ್ವಿ ನನ್ನ ಸೀರೆಯ ಅಂಚು ಕಡಿಯಿತು. ಚಪ್ಪಾಳೆ ತಟ್ಟಿ ನೋಡಿದೆ. ಹೊಡೆಯಲು ಬಂದೆನೆಂದು ತಿಳಿದು ಹಿತ್ತಲಿಗೆ ಓಡಿಹೋಯಿತು.

"ಕಾಲ ಸಮ ಇರಾಕಿಲ್ಲ," ಎಂದಳು ಕಾಶೀಬಾಯಿ ಗೋಡೆಯ ಮೇಲಿಂದ ಇಣುಕಿ. "ಬಡಿಗೇರ ಮೌನೇಶಗ ತೋರಿಸು." ಅವಳೇ ದೂರು ಕೊಟ್ಟವಳು, ಅವಳೇ ಉಪಾಯ ಹೇಳುವವಳು. ಕಾಶೀಬಾಯಿಗೆ ಎರಡರಲ್ಲೂ ಅಷ್ಟೇ ಉಮೇದಿ.

ನಮ್ಮಲ್ಲಿ ಮಾತು ಕೇಳುವುದರಲ್ಲಿ ತಡಮಾಡುವ ಸಾಮಾನನ್ನು ಬಡಿಗೇರನಿಗೇ ತೋರಿಸುವುದು. ಒಯ್ದೆ. ಮೌನೇಶ ಸಾಸ್ವಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನಾಲ್ಕೂ ಕಾಲು ನೋಡಿದ. ಬೆನ್ನಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ. ಸಾಸ್ವಿ ಅವನ ಕಿವಿ ನೆಕ್ಕಿತು.

"ಕೆಲಸ ಗಟ್ಟಿ ಐತಿ ಆಯಿ. ಬಿರುಕಿಲ್ಲ. ಹಿಂದಿನ ಈ ತುಂಡ ಮಾತ್ರ," ಎಂದು ಬಾಲ ಹಿಡಿದು, "ಸಡಲ ಆಗೇತಿ, ಭಾಳ ಅಲಗಾಡತೈತಿ. ಬಿಗಿ ಮಾಡ್ಲೇನ?"

"ಬ್ಯಾಡಪಾ. ಅದು ಅಲಗಾಡಲಿ."

"ಹಂಗಾರ ಎಣ್ಣಿ ಹಚ್ಚು."

ಕೀಲುಗಳಿಗೆಲ್ಲ ಕುಸುಬೆ ಎಣ್ಣೆ ಹಚ್ಚಿ ಮನೆಗೆ ತಂದೆ. ಸಾಸ್ವಿ ಎಲ್ಲವನ್ನೂ ನೆಕ್ಕಿ, ಸಂಜೆಗೆ ಭೇದಿ ಮಾಡಿಕೊಂಡಿತು. ಅದನ್ನು "ಬಾ ಬಾ" ಎಂದು ಪ್ರೀತಿಯಿಂದ ಕರೆದು, ಬಂದ ಕೂಡಲೇ ಹಿಡಿದು ತಣ್ಣೀರು ಸುರಿದೆ. ಅಂದಿನಿಂದ "ಬಾ" ಎಂದರೆ ಸಾಸ್ವಿ ಬೀಸುವ ಕಲ್ಲಿನ ಹಿಂದೆ ಅಡಗತೊಡಗಿತು. ಬೀಸುವ ಕಲ್ಲು ನನ್ನ ಕಡೆ ಹೊರಳಿ ಬರುತ್ತಿತ್ತು, ಅದರ ಮರೆಯಲ್ಲಿ ಸಾಸ್ವಿ ಹಿಂದಕ್ಕೆ ಸರಿಯುತ್ತಿತ್ತು.

ಮೆಲ್ಲಗೆ ಹೇಳಿದರೆ ಕೇಳದೆಂದು ದನಿ ಎತ್ತಿದ್ದು ನನ್ನ ಮುಂದಿನ ತಪ್ಪು. ಒಂದು ಮಧ್ಯಾಹ್ನ ಗಟ್ಟಿಯಾಗಿ "ಬಾ!" ಎಂದೆ. ಹಿತ್ತಲ ಬಾಗಿಲಿನಿಂದ ಕಾಶೀಬಾಯಿಯ ಮಂಚ ಓಡುತ್ತ ಬಂತು. ಮೇಲೆ ಗುರುಪಾದಪ್ಪ ಗೊರಕೆ ಹೊಡೆಯುತ್ತಿದ್ದ. ಮಂಚ ನನ್ನ ಮುಂದೆ ನಿಂತು ಮುಂದಿನ ಮಾತಿಗೆ ಕಾದಿತು. ಅಷ್ಟರಲ್ಲಿ ಸಾಸ್ವಿ ನನ್ನ ಕೈಯ ಸೌಟು ಕಿತ್ತುಕೊಂಡಿತು. ಸಿಟ್ಟಿನಲ್ಲಿ "ಬಿಡು!" ಎಂದು ಕೂಗಿಬಿಟ್ಟೆ. ಹಗ್ಗ ಬಟ್ಟೆಗಳನ್ನು ಬಿಟ್ಟಿತು. ಗೂಟ ಕಂದೀಲು ಬಿಟ್ಟಿತು. ಗದ್ದಲಕ್ಕೆ ಎಚ್ಚೆತ್ತು ಗಾಬರಿಯಿಂದ ಎದ್ದು ನಿಂತ ಗುರುಪಾದಪ್ಪನ ಪಾಯಿಜಾಮದ ಲಾಡಿ ಕೂಡ ಬಿಟ್ಟಿತು. ಸೌಟು ಬಿಡದಿದ್ದದ್ದು ಸಾಸ್ವಿ ಒಂದೇ.

"ಯಕ್ಕಾ!" ಎಂದಳು ಗಂಡನನ್ನು ಹುಡುಕಿಕೊಂಡು ಬಂದ ಕಾಶೀಬಾಯಿ. "ನನ್ನ ಮಂಚ ಒಯ್ದಿ, ಗಂಡನ್ನ ಒಯ್ದಿ, ಪಾಯಿಜಾಮಾನೂ ಬಿಚ್ಚಿಸಿದಿ. ಇನ್ನೇನ ಉಳಿಸೀಯ?"

"ಗಂಡ ನಿನಗ ಇರಲಿ ತಂಗಿ. ಅವ ನನ್ನ ಮಾತೂ ಕೇಳಾಂವ ಅಲ್ಲ."

ಅವಳು ಹೋದ ಮೇಲೆ ಬಿದ್ದ ಬಟ್ಟೆ ಆರಿಸುತ್ತ ಕುಳಿತಾಗ ನನಗೆ ಪೀರಸಾಬ ಮಾಸ್ತರರ ನೆನಪು ಬಂತು. ಅರವತ್ತು ದಾಟಿದ ಮೇಲೆ ನಾನು ರಾತ್ರಿಶಾಲೆಗೆ ಹೋದವಳು. ಗಾಣದ ಹಿಂದಿನ ಕೋಣೆಯಲ್ಲಿ ಅವರು ಕಲಿಸುತ್ತಿದ್ದರು. ಬಳಪಕ್ಕೆ "ಬರಿ" ಎಂದರೆ ಬರೆಯುತ್ತಿತ್ತು ನಿಜ, ಆದರೆ ಅದಕ್ಕೂ ಅಕ್ಷರ ಬರುತ್ತಿರಲಿಲ್ಲ, ಬರೀ ಗೆರೆ ಎಳೆಯುತ್ತಿತ್ತು. ನಾನು ಬರೆದ "ಕ" ಮಗುಚಿ ಬಿದ್ದ ಕೊಡದ ಹಾಗಿರುತ್ತಿತ್ತು. ಮಾಸ್ತರರು ಬಯ್ಯುತ್ತಿರಲಿಲ್ಲ. ಸುಮ್ಮನೆ ಪಾಟಿ ಒರೆಸಿ ಮತ್ತೆ ನನ್ನ ಕೈಗೆ ಕೊಡುತ್ತಿದ್ದರು. ಒಂದು ದಿನ ಹೇಗೋ "ಕ" ನೆಟ್ಟಗೆ ನಿಂತಿತು. ಅದೇ ಕ್ಷಣ ಅವರು ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟು, "ಶಾಬಾಸ್ ಬಾಳವ್ವಾ" ಎಂದರು. ಹಲ್ಲಿಲ್ಲದ ಬಾಯಲ್ಲಿ ಆ ಪೆಪ್ಪರಮೆಂಟು ಎಷ್ಟು ಹೊತ್ತು ಇತ್ತು ಅಂತೀರಿ! ಮರುದಿನ ಆ ಒಂದು ತುಣುಕಿಗಾಗಿ ನಾನು "ಖ" ಬರೆದೆ. ಹೀಗೆ ಪೆಪ್ಪರಮೆಂಟು ಚೀಪುತ್ತಲೇ ನಾನು ಕ್ಷ, ಜ್ಞ ಮುಟ್ಟಿದವಳು. ನಾಯಿಗೆ ಮಾತ್ರ ಬರೀ ಮಾತಿನಲ್ಲಿ ಬಾ ಅಂದರೆ ಹೇಗೆ?

ಒಣಗಿಸಿದ ಕಟಕ ರೊಟ್ಟಿಯ ಚೂರಿಗೆ ಬೆಣ್ಣೆ ಸವರಿ ಸೆರಗಿನಲ್ಲಿ ಕಟ್ಟಿಕೊಂಡೆ. ಒಂದು ಚೂರನ್ನು ಸಾಸ್ವಿಯ ಮೂಗಿನ ಮುಂದೆ ಹಿಡಿದು ಮೆಲ್ಲಗೆ ಅದರ ತಲೆಯ ಮೇಲಿಂದ ಹಿಂದಕ್ಕೆ ಸರಿಸಿದೆ. ಮೂತಿ ಮೇಲೆ ಹೋದಂತೆ ಹಿಂಭಾಗ ತಾನಾಗಿ ಕೆಳಗಿಳಿಯಿತು. ಕುಂಡಿ ನೆಲ ಮುಟ್ಟಿದ್ದೇ ತಡ, "ಕುಂಡ್ರು" ಎಂದು ಪಿಸುಗುಟ್ಟಿ ಚೂರು ಬಾಯಿಗಿಟ್ಟೆ. ತಲೆ ಸವರಿ "ಶಾಬಾಸ್" ಎಂದೆ. ಸಾಸ್ವಿ ನನ್ನ ಮುಖ ನೋಡಿತು. ರೊಟ್ಟಿ ಎಲ್ಲಿಂದ ಬರುತ್ತದೆ ಎಂಬ ಗುಟ್ಟು ತನಗೊಂದಕ್ಕೇ ತಿಳಿದ ಹಾಗೆ ಅದರ ಕಣ್ಣು ಹೊಳೆಯಿತು.

ನಾಲ್ಕಾರು ದಿನದಲ್ಲಿ ಕೈ ಆಡಿಸದಿದ್ದರೂ ಮಾತಿಗೇ ಕೂರತೊಡಗಿತು. ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ ನಾನು. ಹೇಳಿದಷ್ಟು ಸಲವೂ ಪಾಪ, ಮಣೆ ಎದ್ದು ಎದ್ದು ಕೂರುತ್ತಿತ್ತು. "ಬಾ" ಎಂಬುದಕ್ಕೆ ಮೊದಲು ಕೈಯಳತೆ ದೂರದಿಂದ ಕರೆದೆ, ಆಮೇಲೆ ಒಲೆಯ ಹತ್ತಿರದಿಂದ, ಆಮೇಲೆ ಹಿತ್ತಲಿನಿಂದ. ಕರೆದಾಗಲೆಲ್ಲ ಒಳ್ಳೆಯದೇ ಆಗಬೇಕು. ಸ್ನಾನಕ್ಕೆ ಬೇಕಾದರೆ ನಾನೇ ಹೋಗಿ ಹಿಡಿದು ತರುತ್ತಿದ್ದೆ. ಕಷ್ಟವಾದದ್ದು "ಇರು". ಒಂದು ಹೆಜ್ಜೆ ಹಿಂದೆ ಸರಿದು ತಕ್ಷಣ ಮರಳಿ ಬಂದು ಚೂರು ಕೊಡುತ್ತಿದ್ದೆ. ನಾಳೆ ಇನ್ನೊಂದು ಹೆಜ್ಜೆ. ಎದ್ದು ಬಂದರೆ ಬಯ್ಗುಳವೂ ಇಲ್ಲ, ರೊಟ್ಟಿಯೂ ಇಲ್ಲ, ಮೊದಲಿನ ಜಾಗಕ್ಕೆ ಒಯ್ದು ಕೂರಿಸುವುದು. ಪಾಟಿ ಒರೆಸಿದ ಹಾಗೆ. "ಶಾಬಾಸ್" ಎಂದ ಮೇಲೆ ಪಾಠ ಮುಗಿಯಿತು, ಕುಣಿಯಬಹುದು.

ಎಲ್ಲ ಸರಿಹೋಯಿತು ಎಂದುಕೊಂಡ ದಿನವೇ ಮಣೆ ಕೈಕೊಟ್ಟಿತು. ಉಂಡೆದ್ದು "ಹೋಗು" ಎಂದೆ. ಹೋಗಲಿಲ್ಲ. ನನ್ನ ಮೊಣಕಾಲಿಗೆ ಒಂದು ಮೂಲೆಯಿಂದ ಮೆಲ್ಲಗೆ ತಿವಿಯಿತು. ಮತ್ತೆ ತಿವಿಯಿತು. ಇಷ್ಟು ದಿನ ನಾಯಿಯ ಜೊತೆ ತಾನೂ ಎದ್ದು ಕೂತು ಮಾಡಿದ್ದ ಮಣೆ, ಶಾಬಾಸ್ ಮಾತ್ರ ಯಾರಿಗೆ ಹೋಗುತ್ತಿದೆ ಎಂದು ನೋಡಿಕೊಂಡಿತ್ತು.

"ನಿನಗ ಬಾಯಿ ಎಲ್ಲೈತೋ ರೊಟ್ಟಿ ತಿನ್ನಾಕ?" ಎಂದು ನಗುತ್ತ ಅದರ ಬೆನ್ನು ಸವರಿ, "ಶಾಬಾಸ್" ಎಂದೆ. ಮಣೆ ಒಂದು ಗಳಿಗೆ ನಡುಗಿತು. ಆಮೇಲೆ ಟಕಟಕ ಎಂದು ಹೋಗಿ ಒರಗಿಕೊಂಡಿತು, ಹೋಗುವಾಗ ಒಂದು ಸುತ್ತು ತಿರುಗಿದ ಹಾಗೆ ಕಂಡಿತು ನನಗೆ.

ಮಣೆಗೆ ತಿಳಿದದ್ದು ಕೊಡಕ್ಕೆ ತಿಳಿಯಿತು. ನನ್ನ "ಬಾ"ಗೆಲ್ಲ ಬಂದು ಪಾಠ ನೋಡಿ ಹೋಗುತ್ತಿದ್ದ ಕಾಶೀಬಾಯಿಯ ಮಂಚಕ್ಕಂತೂ ಮೊದಲೇ ತಿಳಿದಿತ್ತು. ಒಂದು ಬೆಳಗ್ಗೆ ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು. "ಯಾಕ ತಿವೀತಿ? ಶಾಬಾಸ್ ಅನಬೇಕ? ಕಟಗೊಂಡ ಗಂಡಗ ಒಂದ ದಿನ ಅಂದಿಲ್ಲ, ಮಂಚಕ್ಕ ಅನ್ನಲೇನ?" ಮಂಚ ಮೂರು ದಿನ ನಡುಮನೆಯ ಬಾಗಿಲಿಗೆ ಅಡ್ಡ ನಿಂತಿತು. ಗಂಡ ಹೆಂಡತಿ ಅದರ ಕೆಳಗೆ ನುಸುಳಿ ಓಡಾಡಿದರು. ಕೊನೆಗೆ ಅವಳು ಹಲ್ಲು ಕಚ್ಚಿ ಮಂಚ ತಟ್ಟಿ ಶಾಬಾಸ್ ಎಂದಳಂತೆ. ಮರುದಿನ ಅದೇ ರೂಢಿಯಲ್ಲಿ, ಕೈ ತಪ್ಪಿ, ಗಂಡನ ಬೆನ್ನಿಗೂ ತಟ್ಟಿಬಿಟ್ಟಳಂತೆ. ಗುರುಪಾದಪ್ಪ ಗಾಬರಿಯಾಗಿ ಎದ್ದು ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಬಾವಿಯಿಂದ ನೀರು ಸೇದಿ ತಂದ. ಕೊಡಕ್ಕೆ ಹೇಳಿದ್ದರೆ ಕೊಡವೇ ಹೋಗಿ ತರುತ್ತಿತ್ತು. ಆದರೂ ತಂದ.

ಹೀಗೆ ಓಣಿಯಿಂದ ಓಣಿಗೆ ಹಬ್ಬಿತು. ಗಾಣ ನಿಂತಿತು. ಕದಗಳು ತೆರೆದು, ಶಾಬಾಸ್ ಬರುವವರೆಗೆ ಮುಚ್ಚದೆ ನಿಂತವು. ಜನ ಮೊದಮೊದಲು ಬೈದರು, ಆಮೇಲೆ ನಾಚಿಕೊಂಡು ಅತ್ತಿತ್ತ ನೋಡಿ, ಯಾರೂ ಇಲ್ಲದಾಗ ಚಿಲಕ ಸವರತೊಡಗಿದರು. ಸವರದೇ ಉಳಿದವನು ಅಂದಾನೆಪ್ಪ ಒಬ್ಬ. ಅವನ ನವಿಲು ಕುರ್ಚಿ ಚಾವಡಿಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿತು. ಚಾವಡಿಯ ಬೆಂಚುಗಳು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಸೇರಿದವು. ನೆಲದ ಮೇಲೆ ಕೂತರೆ ಹಿರಿತನಕ್ಕೆ ಕುಂದು ಎಂದು ಅಂದಾನೆಪ್ಪ ನಿಂತೇ ತೀರ್ಪು ಹೇಳಿದ, ನಿಂತೇ ಉಂಡ. ಕಂಬಕ್ಕೆ ಒರಗಿ ನಿಂತೇ ನಿದ್ದೆ ಮಾಡುತ್ತಾನೆಂದು ಓಣಿಯಲ್ಲಿ ಮಾತು.

ಅಮಾವಾಸ್ಯೆಯ ಬೆಳಗ್ಗೆ ನಾನು ಸಾಸ್ವಿಯನ್ನು ಕರೆದುಕೊಂಡು ಹೋದಾಗ ಚಾವಡಿ ತುಂಬ ಜನ. ಕೂರಲು ಏನೂ ಇಲ್ಲ, ಹಿರಿಯ ನಿಂತಿರುವಾಗ ನೆಲಕ್ಕೆ ಕೂರುವ ಧೈರ್ಯ ಯಾರಿಗೂ ಇಲ್ಲ. ಅಂದಾನೆಪ್ಪನ ಕಾಲು ಬಾತು ಚಾವಡಿಯ ಕಂಬದ ಹಾಗಾಗಿದ್ದವು.

"ಈ ನಾಯಿ ಬರೂ ಮುಂಚೆ ಎಲ್ಲಾ ನೆಟ್ಟಗಿತ್ತು," ಎಂದ. "ಇವತ್ತ ಕುರ್ಚಿ ಶಾಬಾಸ್ ಬೇಡತೈತಿ, ನಾಳೆ ಮನಿ ಸೊಸಿ ಬೇಡತಾಳ!"

"ಬೇಡಿದ್ರ ಏನ ತಪ್ಪು?" ಎಂದಳು ಹಿಂದಿನಿಂದ ಕಾಶೀಬಾಯಿ. ಸೊಸೆಯಂದಿರಿದ್ದ ಕಡೆ ಕಿಸಕ್ಕನೆ ನಗು ಎದ್ದಿತು.

"ನೀನ ಅಲ್ಲೇನವಾ ದೂರ ಕೊಟ್ಟಾಕಿ?"

"ದೂರ ಕೊಟ್ಟೇನಿ. ಹಿಂದಕ್ಕ ತಗೋತೇನಿ ಅಂತ ಬಂದೇನಿ. ಚಪ್ಪಲ್ ಹೆಂಗೂ ಹಳೇದಿತ್ತು."

"ಕೊಟ್ಟದ್ದು ಹಿಂದ ತಗೊಳ್ಳಾಕ ಬರೂದಿಲ್ಲ," ಎಂದ ಅಂದಾನೆಪ್ಪ.

ನಾನು ಕೇಳಿದೆ: "ಯಾಕ ತಮ್ಮಾ, ಒಂದ ಸಲ ಶಾಬಾಸ್ ಅಂದ್ರ ನಿನ್ನ ಬಾಯಾಗ ಹುಳಾ ಬೀಳ್ತಾವೇನ?"

"ನಮ್ಮಪ್ಪ ನನಗ ಒಂದ ದಿನಾ ಅಂದಾಂವ ಅಲ್ಲ!" ಎಂದ ಅವನು ಸಿಟ್ಟಿನಿಂದ, ಅದು ಊರ ಕಾಯಿದೆಯೇನೋ ಎಂಬಂತೆ. ಆಮೇಲೆ ತಾನೇ ಹೇಳಿದ್ದನ್ನು ತಾನೇ ಕೇಳಿಸಿಕೊಂಡವನಂತೆ ಕಾಲು ಬದಲಿಸಿ ನಿಂತ. "ಪರೀಕ್ಷಾ ಶುರು ಮಾಡು ಆಯಿ. ಕೈಯಾಗ ರೊಟ್ಟಿ ಇರಬಾರದು. ಶಾಬಾಸ್ ಅನಬಾರದು. ಬರೇ ಮಾತು."

ಇದನ್ನು ನಾನು ಎಣಿಸಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ರೊಟ್ಟಿ ಚೂರುಗಳನ್ನು ಕಾಶೀಬಾಯಿಯ ಕೈಗೆ ಕೊಟ್ಟೆ. ಸಾಸ್ವಿಯ ಕಣ್ಣು ಅವುಗಳ ಹಿಂದೆಯೇ ಹೋಯಿತು. ಚಾವಡಿಯ ಈ ತುದಿಗೆ ಬಂದು ನಿಂತು, ಬರಿಗೈ ತೋರಿಸಿ, "ಬಾ" ಎಂದೆ.

ಸಾಸ್ವಿ ನನ್ನ ಕೈ ನೋಡಿತು. ಕಾಶೀಬಾಯಿಯ ಕೈ ನೋಡಿತು. ಬೆಣ್ಣೆಯ ವಾಸನೆ ನನಗೇ ಬರುತ್ತಿತ್ತು. ಇನ್ನೊಂದು ಸಲ ಕರೆಯಲೇ ಎಂದು ನಾಲಿಗೆ ತುದಿಗೆ ಬಂತು, ಕರೆಯಲಿಲ್ಲ. ಕಾಶೀಬಾಯಿ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಸಾಸ್ವಿ ಒಂದು ಸಲ ಆಕಳಿಸಿ, ಅಷ್ಟೂ ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಾದದ ಮುಂದೆ ನಿಂತಿತು.

"ಕುಂಡ್ರು" ಎಂದೆ. ಕೂತಿತು. ಬೆಳಗಿನಿಂದ ನಿಂತು ಸುಸ್ತಾಗಿದ್ದ ಗುರುಪಾದಪ್ಪನೂ ಆ ನೆವದಲ್ಲಿ ಕೂತುಬಿಟ್ಟ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ನೋಡನೋಡುತ್ತ ಚಾವಡಿಯ ಜನವೆಲ್ಲ ನೆಲಕ್ಕೆ ಕೂತಿತು. ನಿಂತವರು ನಾನು, ಅಂದಾನೆಪ್ಪ ಇಬ್ಬರೇ.

"ಇನ್ನ ಇರು ಅಂತ ಹೇಳಿ ಹೊರಗ ಹೋಗು," ಎಂದ ಅವನು. "ನಾ ಸಾಕು ಅನ್ನೂತನಾ ನಾಯಿ ಏಳಬಾರದು."

"ಇರು" ಎಂದು ಸಾಸ್ವಿಗೆ ಹೇಳಿ ಹೊರಗೆ ಬಂದು ಬೇವಿನ ಮರದ ಕೆಳಗೆ, ಮುನಿದ ಬೆಂಚುಗಳ ನಡುವೆ ನಿಂತೆ. ತೆರೆದ ಬಾಗಿಲಿನಿಂದ ಸಾಸ್ವಿಯ ಬೆನ್ನು, ಅದರ ಎದುರು ಅಂದಾನೆಪ್ಪ ಕಾಣುತ್ತಿದ್ದರು. ಮನೆಯಲ್ಲಿ ಇಷ್ಟು ದೂರ ನಾವು ಎಂದೂ ಮಾಡಿರಲಿಲ್ಲ. ಗಾಳಿ ಬೀಸಿತು, ದೂರದಲ್ಲಿ ತೊಟ್ಟಿಲು ಕಿರುಗುಟ್ಟಿತು. ಸಾಸ್ವಿಯ ಕಿವಿ ನಿಮಿರಿದವು, ಕುಂಡಿ ಏಳಲಿಲ್ಲ.

ಅಂದಾನೆಪ್ಪ ಚಪ್ಪಾಳೆ ತಟ್ಟಿದ. ಸಾಸ್ವಿ ಕದಲಲಿಲ್ಲ. ತನ್ನ ಹೊಸ ಚಪ್ಪಲಿ ಬಿಚ್ಚಿ ಅದರ ಮೂಗಿನ ಹತ್ತಿರ ಆಡಿಸಿದ. ಸಾಸ್ವಿಯ ಬಾಲ ನೆಲ ಗುಡಿಸಿತು, ಬಾಯಿಂದ ಜೊಲ್ಲು ಒಂದು ಎಳೆ ಇಳಿಯಿತು, ಆದರೂ ಏಳಲಿಲ್ಲ. "ಬಾ!" ಎಂದು ಗದರಿದ. ಬೇವಿನ ಮರದ ಕೆಳಗಿನ ಬೆಂಚೂ ಅಲ್ಲಾಡಲಿಲ್ಲ, ಸಾಸ್ವಿಯೂ ಅಲ್ಲಾಡಲಿಲ್ಲ. ಸಾಕು ಎಂದರೆ ತಾನು ಸೋತಂತೆ. ಹಾಗಾಗಿ ಅವನು ಸಾಕು ಎನ್ನಲಿಲ್ಲ. ಬಿಸಿಲು ಹೊಸಿಲು ದಾಟಿತು. ಸಾಸ್ವಿಯ ಮುಂಗಾಲುಗಳು ನಡುಗತೊಡಗಿದವು. ನನಗೆ ಓಡಿಹೋಗಿ ಎತ್ತಿಕೊಳ್ಳಬೇಕೆನಿಸಿ ಒಂದು ಬೆಂಚಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಡುಗುತ್ತಿದ್ದದ್ದು ಸಾಸ್ವಿಯ ಕಾಲು ಮಾತ್ರ ಅಲ್ಲ. ಅಂದಾನೆಪ್ಪ ಒಮ್ಮೆ ಎಡಕ್ಕೆ ವಾಲಿದ, ಒಮ್ಮೆ ಬಲಕ್ಕೆ. ಕಂಬ ಹಿಡಿಯಲು ಕೈ ಚಾಚಿದ, ಸಿಗಲಿಲ್ಲ. ಮೊಣಕಾಲು ಮಡಚಿ, ನವಿಲಿನ ಕುರ್ಚಿಯ ಯಜಮಾನ ಧೊಪ್ಪನೆ ನೆಲಕ್ಕೆ ಕೂತ. ಈಗ ಅವನೂ ಸಾಸ್ವಿಯೂ ಎದುರು ಬದುರು, ಮುಖಕ್ಕೆ ಮುಖ. ಇಬ್ಬರಿಗೂ ಸುಸ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಅಂದಾನೆಪ್ಪನ ಕೈ ಮೇಲೆದ್ದಿತು. ಹೊಡೆಯುತ್ತಾನೆಂದುಕೊಂಡೆ. ಕೈ ಸಾಸ್ವಿಯ ತಲೆಯ ಮೇಲೆ ಇಳಿದು, ಹೇಗೆ ಸವರಬೇಕೆಂದು ತಿಳಿಯದೆ, ಹಲಗೆ ಒರೆಸುವ ಹಾಗೆ ಎರಡು ಸಲ ಒರೆಸಿತು. "ನನಕಿಂತ ಗಟ್ಟಿ ಅದಿಯಲೇ," ಎಂದ. ಆಮೇಲೆ, ಬಹಳ ಮೆಲ್ಲಗೆ, ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ತೆಗೆದ ಹಾಗೆ: "ಶಾಬಾಸ್."

ಮೂಲೆಯ ಕುರ್ಚಿ ಗಿರ್ರನೆ ಇತ್ತ ತಿರುಗಿತು. ನನ್ನ ಕೈಯಲ್ಲಿದ್ದ ಬೆಂಚು ನೆಗೆಯಿತು. ನಾನು ಅದರ ಮೇಲೆ ಬಿದ್ದೆ. ಬಿದ್ದವಳನ್ನು ಹೊತ್ತುಕೊಂಡೇ ಅದು ಚಾವಡಿಯೊಳಕ್ಕೆ ಓಡಿತು, ಉಳಿದ ಬೆಂಚುಗಳು ಹಿಂದಿನಿಂದ ನುಗ್ಗಿ ಬಂದವು, ಜನ ಕಾಲು ಎಳೆದುಕೊಂಡು ಗೋಡೆಗೆ ಅಂಟಿದರು. ಸಾಸ್ವಿ ಶಾಬಾಸ್ ಕೇಳಿದ್ದೇ ಪಾಠ ಮುಗಿಯಿತೆಂದು ಕುಣಿದು, ಮೊದಲು ಅಂದಾನೆಪ್ಪನ ಚಪ್ಪಲಿ ಕಚ್ಚಿಕೊಂಡು, ಆಮೇಲೆ ನನ್ನ ಮಡಿಲಿಗೆ ಹಾರಿತು.

"ಎದ್ದೇತಿ! ನೀ ಸಾಕು ಅಂದಿರಲಿಲ್ಲಲ್ಲ ಹಿರಿಯಾ!" ಎಂದು ಯಾರೋ ಕೂಗಿದರು.

ಕಾಶೀಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಶಾಬಾಸ್ ಅಂದ್ರ ಮುಗೀತು ಅಂತ ಅರ್ಥ. ನಾಯಿಗೆ ತಿಳೀತೈತಿ, ನಿನಗ ತಿಳಿಯವಲ್ದೇನ?"

ಎಲ್ಲರೂ ಅಂದಾನೆಪ್ಪನ ಕಡೆ ನೋಡಿದರು. ಅವನು ಕಷ್ಟಪಟ್ಟು ಎದ್ದ. ಕುರ್ಚಿ ಹಿಂದೆ ಬಂದು ನಿಂತಿತ್ತು. ಕೂರುವ ಮೊದಲು ಅವನು ಹಿಂತಿರುಗಿ ಕುರ್ಚಿಯನ್ನು ನೋಡಿದ. ಅದರ ಬೆನ್ನಿಗೆ ನವಿಲು ಇದೆಯೆಂದು ಅವನಿಗೆ ಅವತ್ತೇ ಗೊತ್ತಾಗಿರಬೇಕು, ಅಷ್ಟು ಹೊತ್ತು ನೋಡಿದ. ಆಮೇಲೆ ಕೂತು, ನಿಟ್ಟುಸಿರಿಟ್ಟು, ಜೋರಾಗಿ ಹೇಳಿದ: "ಆತು. ನಾಯಿ ಊರಾಗ ಇರಲಿ, ಬಿಡು!"

ಗುರುಪಾದಪ್ಪ ಎರಡೂ ಕೈಯಲ್ಲಿ ಲಾಡಿ ಹಿಡಿದುಕೊಂಡ. ಬುದ್ಧಿ ಬಂದಿತ್ತು ಅವನಿಗೆ. ಬರದಿದ್ದವರು ಆ ದಿನ ಚಾವಡಿಯಲ್ಲಿ ಬಹಳ ಮಂದಿ ಇದ್ದರು, ಅವರ ಹೆಸರು ಬರೆದು ಮಾನ ಕಳೆಯುವುದಿಲ್ಲ.

ಅಂದಿನ ಸಂಜೆ ಒಲೆ ಆರಿಸಿ ಬಾಗಿಲ ಕಟ್ಟೆಯಲ್ಲಿ ಕೂತಿದ್ದೆ. ಸಾಸ್ವಿ ಹಿತ್ತಲಲ್ಲಿ ಅಂದಾನೆಪ್ಪನ ಚಪ್ಪಲಿ ಹೂಳುತ್ತಿತ್ತು. ಕರೆಯುವ ಮನಸ್ಸಾಯಿತು, ಕರೆಯಲಿಲ್ಲ. ಇಡೀ ದಿನ ಮಾತು ಕೇಳಿ ದಣಿದಿದೆ, ಇರಲಿ ಎಂದು ಸುಮ್ಮನೆ ಹಳ್ಳದ ಕಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಾದದ ಮೇಲೆ ಬೆಚ್ಚಗಾಯಿತು. ಬಂದು ಸುತ್ತಿಕೊಂಡು ಮಲಗಿತ್ತು, ಮೊದಲ ದಿನದ ಹಾಗೆ. ಅದರ ಮೂಗಿಗೆ ಮಣ್ಣು ಮೆತ್ತಿತ್ತು.

ಆಗ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬಂತು. ತಿರುಗಿ ನೋಡಿದರೆ ಮಣೆ. ಹೊಸಿಲ ಹತ್ತಿರ ಸ್ವಲ್ಪ ಅನುಮಾನಿಸಿ ನಿಂತಿತು. ನನ್ನ ಬಾಯಿ ನೋಡಿತು ಎನ್ನಬೇಕು. ನಾನು ಏನೂ ಹೇಳಲಿಲ್ಲ. ಹೊಸಿಲು ದಾಟಿ ಬಂದು ನನ್ನ ಪಕ್ಕದಲ್ಲಿ ಕೂತಿತು.

"ಯಕ್ಕಾ!" ಗೋಡೆಯಾಚೆಯಿಂದ ಕಾಶೀಬಾಯಿ. "ನಮ್ಮ ಮಂಚಾ ಕರದೀಯೇನ?"

"ನಾ ಯಾರ್ನೂ ಕರದಿಲ್ಲವಾ."

"ಮತ್ತ ಹೊಂಟೈತಲ್ಲ ಅತ್ಲಾಗ! ಇಂವಾ ಚಹಾ ಕುಡಕೋಂತ ಮ್ಯಾಲ ಕುಂತಾನ. ತಡಿ, ನಾನೂ ಬಂದೆ!"

"ತಡಿ" ಕೇಳಿ ಮಂಚ ನನ್ನ ಅಂಗಳದ ನಡುವೆ ಗಕ್ಕನೆ ನಿಂತಿತು. ಚಹಾ ಗುರುಪಾದಪ್ಪನ ಎದೆಯ ಮೇಲೆ ಚೆಲ್ಲಿತು. ಅವನು ಬೈಯಲು ಬಾಯಿ ತೆರೆದ, ಏನು ನೆನಪಾಯಿತೋ, ಮಂಚದ ಕಾಲಿಗೆ ಮೆಲ್ಲಗೆ ತಟ್ಟಿದ. ಹಿಂದಿನಿಂದ ಕಾಶೀಬಾಯಿ ಸೆರಗಿನಲ್ಲಿ ಉಳಿದಿದ್ದ ರೊಟ್ಟಿ ಚೂರು ಬಿಚ್ಚುತ್ತ ಬರುತ್ತಿದ್ದಳು. ಅವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.